ಸೊನ್ನೆಯೂ ಗೆರೆಯೂ: ಬೆಣ್ಣಿಹಳ್ಳದ ದಂಡೆಯಲ್ಲಿ ಮಳೆ ಅಳೆದ ನನ್ನ ಅನುಭವ

ಧಾರವಾಡದಲ್ಲಿ ಭೂಗೋಳಶಾಸ್ತ್ರ ಕಲಿಸುವ ನಾನು 2019ರ ಬೇಸಿಗೆಯಲ್ಲಿ ನವಲಗುಂದ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಕೆಲವು ಹಳ್ಳಿಗಳಿಗೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕರೆದುಕೊಂಡು ಮೊದಲ ಸಲ ಹೋದಾಗ ನಮ್ಮ ಬಳಿ ಮಳೆಮಾಪಕ ಇರಲಿಲ್ಲ, ನಾಲ್ಕು ಪುಟಗಳ ಪ್ರಶ್ನಾವಳಿ ಇತ್ತು. ಮೊದಲು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ಆಮೇಲೆ ಕನ್ನಡಕ್ಕೆ ತಂದ ಆ ಹಾಳೆಗಳಲ್ಲಿ ‘ಕಳೆದ ಎರಡು ದಶಕಗಳಲ್ಲಿ ತಾವು ಹವಾಮಾನ ವೈಪರೀತ್ಯವನ್ನು ಗಮನಿಸಿದ್ದೀರಾ?’, ‘ಮಳೆಯ ಪ್ರಮಾಣ ಕಡಿಮೆಯಾಗಿದೆಯೇ?’ ಎಂಬ ಧಾಟಿಯ ಪ್ರಶ್ನೆಗಳಿದ್ದವು. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ಒಂದೊಂದನ್ನೂ ಕೇಳಿಸಿಕೊಂಡು, ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಸೌಜನ್ಯದಿಂದಲೋ ಏನೋ, ಎಲ್ಲಕ್ಕೂ ‘ಹೌದ್ರೀ’ ಎಂದರು. ಉತ್ತರಗಳೆಲ್ಲ ಒಂದೇ ತೆರನಾಗಿ ಬಂದುದನ್ನು ಕಂಡು ವಿದ್ಯಾರ್ಥಿಗಳು ಹಿಗ್ಗಿದರು. ನನಗೆ ಮಾತ್ರ ಆ ಸಮೀಕ್ಷೆಯ ಮೇಲಿದ್ದ ನಂಬಿಕೆ ಅಂದೇ ಹೋಯಿತು.

ಅದೇ ಆಗಸ್ಟ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕವೆಲ್ಲ ನೀರಿನಲ್ಲಿ ನಿಂತಿತು. ಬೆಣ್ಣಿಹಳ್ಳ ಮತ್ತು ಅದನ್ನು ಸೇರುವ ತುಪ್ಪರಿಹಳ್ಳ ಎರಡೂ ದಂಡೆ ಮೀರಿ ಹರಿದು, ನಾವು ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದ ಊರುಗಳ ಹೊಲಗಳಲ್ಲಿ ಬೆಳೆಯ ಜೊತೆಗೆ ಮೇಲ್ಮಣ್ಣನ್ನೂ ಹೊತ್ತೊಯ್ದವು. ಸೆಪ್ಟೆಂಬರಿನಲ್ಲಿ ಮತ್ತೆ ಹೋದಾಗ, ಬೇಸಿಗೆಯಲ್ಲಿ ‘ಮಳೆ ಕಡಿಮೆಯಾಗಿದೆ’ ಎಂದಿದ್ದ ಒಬ್ಬ ಯಜಮಾನರನ್ನು ಅದೇ ಪ್ರಶ್ನೆ ಕೇಳಿದೆ. ಅವರು ಹಳ್ಳದ ಕಡೆಗೆ ಕೈ ಮಾಡಿ, ‘ಇದು ಮಳಿ ಏನ್ರೀ ಅಕ್ಕಾರ? ಮಿರಗದಾಗ ಹದಾ ಆಗ್ಲಿಲ್ಲ, ಆಶ್ಲೇಷಾದಾಗ ಹೊಲಾನ ಹೋತು. ಮಳಿ ಎಲ್ಲೈತಿ?’ ಎಂದರು. ಮಿರಗ ಎಂದರೆ ಜೂನಿನ ಮೃಗಶಿರಾ ಮಳೆ, ಆಶ್ಲೇಷಾ ಆಗಸ್ಟಿನದು; ಇಲ್ಲಿ ಮಳೆಗಳನ್ನು ಸೂರ್ಯನಿರುವ ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಅವರ ಮಾತಿನಲ್ಲಿ ವಿರೋಧಾಭಾಸವೇನೂ ಇರಲಿಲ್ಲ. ನಾನು ಮಳೆ ಎಂದಾಗ ವರ್ಷದ ಒಟ್ಟು ಮಿಲಿಮೀಟರುಗಳನ್ನು ಉದ್ದೇಶಿಸುತ್ತಿದ್ದೆ. ಅವರು ಮಳೆ ಎಂದಾಗ ಬಿತ್ತುವ ಕೂರಿಗೆ ಹೂಡಲು ನೆಲಕ್ಕೆ ಬೇಕಾದ ಹಸಿಯ ಹದವನ್ನು, ಅದೂ ಅದರ ಕಾಲಕ್ಕೆ ಆಗುವ ಹದವನ್ನು ಉದ್ದೇಶಿಸುತ್ತಿದ್ದರು. ಆ ವರ್ಷ ಮುಂಗಾರು ಕೇರಳವನ್ನೇ ಜೂನ್ 8ರಂದು ತಡವಾಗಿ ಮುಟ್ಟಿತ್ತು. ವರ್ಷದ ಮೊತ್ತವನ್ನಷ್ಟೇ ನೋಡುವ ನನ್ನಂಥವರಿಗೆ ಅದು ಸಮೃದ್ಧ ಮಳೆಯ ವರ್ಷವಾಗಿ ಕಂಡರೆ, ಯಜಮಾನರ ಲೆಕ್ಕದಲ್ಲಿ ಮಳೆಯೇ ಇಲ್ಲದ ವರ್ಷವಾಗಿತ್ತು. ಪ್ರಶ್ನಾವಳಿಯನ್ನು ಕಟ್ಟಿಟ್ಟು, ಅವರ ಲೆಕ್ಕದಲ್ಲಿಯೇ ಮಳೆಯನ್ನು ಅಳೆಯಲು ಸಾಧ್ಯವೇ ನೋಡೋಣ ಎಂದು ನಿರ್ಧರಿಸಿದ್ದು ಆ ಮಾತಿನ ನಂತರ.

ಈ ಸೀಮೆಯನ್ನು ಕಾಣದವರಿಗಾಗಿ ಎರಡು ಮಾತು. ಬೆಣ್ಣಿಹಳ್ಳ ಶಿಗ್ಗಾಂವಿ ತಾಲ್ಲೂಕಿನ ದುಂಡಶಿಯ ಕಡೆ ಹುಟ್ಟಿ, ಬಹುಪಾಲು ಎರೆ ನೆಲದಲ್ಲಿಯೇ ಹರಿದು, ರೋಣ ತಾಲ್ಲೂಕಿನ ಮೆಣಸಗಿಯ ಬಳಿ ಮಲಪ್ರಭೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಎರೆ ಭೂಮಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ, ಮೊದಲ ಮಳೆಗಳ ನೀರು ಆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಒಮ್ಮೆ ನೆನೆದು ಉಬ್ಬಿದ ಮೇಲೆ ಬಿರುಕುಗಳು ಮುಚ್ಚಿಕೊಂಡು ನೀರು ಇಂಗುವುದು ಬಹಳ ನಿಧಾನವಾಗುತ್ತದೆ, ಆದ್ದರಿಂದ ಜೂನಿನಲ್ಲಿ ನೆಲ ಕುಡಿದು ಮುಗಿಸುವಷ್ಟೇ ಮಳೆ ಆಗಸ್ಟಿನಲ್ಲಿ ಹಳ್ಳಕ್ಕೆ ಹರಿದುಹೋಗುತ್ತದೆ. ಅಂತರ್ಜಲ ಬಹಳ ಕಡೆ ಸವುಳು. ಕಾಲುವೆ ಮುಟ್ಟದ ಹೊಲಕ್ಕೆ ಬೋರ್‌ವೆಲ್ ನೆಚ್ಚಿಕೊಳ್ಳುವಂತಿಲ್ಲ. ಮಳೆಯ ದಿನ ಮತ್ತು ಮಳೆಯ ಹೊಡೆತ ಇಲ್ಲಿ ಮೊತ್ತಕ್ಕಿಂತ ಹೆಚ್ಚು ಮುಖ್ಯವಾಗುವುದು ಈ ಕಾರಣಕ್ಕೆ.

ಮಳೆಯ ಅಧಿಕೃತ ಅಂಕಿಗಳು ಇರಲಿಲ್ಲವೆಂದಲ್ಲ. ಭಾರತ ಹವಾಮಾನ ಇಲಾಖೆ 1901ರಿಂದ ಈಚಿನ ದೈನಂದಿನ ಮಳೆಯನ್ನು ಅಕ್ಷಾಂಶ, ರೇಖಾಂಶಗಳ ಕಾಲು ಡಿಗ್ರಿಯ ಚೌಕಗಳಲ್ಲಿ ಜೋಡಿಸಿ ಕೊಡುತ್ತದೆ, ಆದರೆ ಕಾಲು ಡಿಗ್ರಿ ಎಂದರೆ ಹೆಚ್ಚುಕಡಿಮೆ 27 ಕಿಲೋಮೀಟರ್. ಅಂಥ ಒಂದು ಚೌಕದಲ್ಲಿ ಹತ್ತಾರು ಊರುಗಳು ಕೂಡಿಬಿಡುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ಅದು ನಿಜಕ್ಕೂ ದೊಡ್ಡ ಕೆಲಸ. ಆದರೂ ಒಂದು ಪಂಚಾಯಿತಿಗೆ ಮೂರು ನಾಲ್ಕು ಊರುಗಳಿರುತ್ತವೆ, ಮಾಪಕ ಒಂದೂರಿನಲ್ಲಿರುತ್ತದೆ. ಗುಡುಗಿನ ಮಳೆ ಈ ಗಡಿಗಳನ್ನು ನೋಡುವುದಿಲ್ಲ. ಒಂದೂರಿನ ಮಾಪಕ ಅರ್ಧ ತುಂಬಿದ ದಿನ ಮೂರು ಕಿಲೋಮೀಟರ್ ಆಚೆಯ ಊರಿನದರ ತಳವೂ ಒದ್ದೆಯಾಗದಿದ್ದುದನ್ನು ನಾವೇ ಎಷ್ಟೋ ಸಲ ಕಂಡೆವು. ಅದಕ್ಕಿಂತ ಮುಖ್ಯವಾದದ್ದೆಂದರೆ, ಆ ಯಂತ್ರ ಕಳಿಸುವ ಅಂಕಿಯನ್ನು ಊರಿನಲ್ಲಿ ಯಾರೂ ತಮ್ಮದೆಂದು ತಿಳಿದಿರಲಿಲ್ಲ.

ನಾವು ಮಾಡಿಕೊಂಡ ಮಾಪಕ ತೀರ ಸಾದಾ. ನಾಲ್ಕಿಂಚಿನ ಪಿವಿಸಿ ಪೈಪಿನ ಒಂದೂವರೆ ಅಡಿ ತುಂಡು, ಕೆಳಗೆ ಅಂಟುಹಾಕಿದ ಮುಚ್ಚಳ, ನೀರಿನ ಆಳ ನೋಡಲು ಮರದ ಅಳತೆಪಟ್ಟಿ. ಗೋಡೆ ನೇರವಾಗಿರುವ ಪಾತ್ರೆಯಾದರೆ ಬಾಯಿ ಎಷ್ಟೇ ಅಗಲವಿರಲಿ ಮಳೆಯ ಆಳ ಒಂದೇ ಬರುತ್ತದೆ ಎಂಬುದನ್ನು ಒಪ್ಪಿಸುವುದು ಮಾತ್ರ ಸುಲಭವಾಗಲಿಲ್ಲ. ‘ಅಗಲ ಇದ್ದದ್ದರಾಗ ಹೆಚ್ಚು ಬೀಳೂದುಲ್ಲೇನ್ರೀ?’ ಎಂದು ಕೇಳಿದ ಒಬ್ಬ ತಾಯಿಗೆ ನಾನು ಕಪ್ಪು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿ ಸೋತೆ. ಮರುವಾರ ಮಳೆ ಬಂದ ದಿನ ಆಕೆಯೇ ಅಂಗಳದಲ್ಲಿ ಒಂದು ಪರಾತವನ್ನೂ ಒಂದು ನೆಟ್ಟನೆಯ ಡಬ್ಬಿಯನ್ನೂ ನಮ್ಮ ಪೈಪಿನ ಪಕ್ಕಕ್ಕೆ ಇಟ್ಟು, ಮೂರರಲ್ಲಿಯೂ ಬೆರಳು ಅದ್ದಿ ನೋಡಿ, ಪರಾತದಲ್ಲಿ ಸ್ವಲ್ಪ ಕಡಿಮೆ ಇರುವುದು ಹನಿ ಸಿಡಿದದ್ದರಿಂದ ಎಂಬುದನ್ನೂ ತಾನೇ ಹೇಳಿದಳು. ಅಲ್ಲಿಂದ ಮುಂದೆ ಹೊಸ ಊರುಗಳಲ್ಲಿ ಹಲಗೆಯ ಲೆಕ್ಕ ಬಿಟ್ಟು ಪರಾತ ಮತ್ತು ಡಬ್ಬಿಗಳನ್ನೇ ಇಟ್ಟು ತೋರಿಸಿದೆವು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು, ಒಂದು ಎಕರೆಗೆ ಸುಮಾರು 4,047 ಲೀಟರ್ ಎಂದಾಗ ಟ್ಯಾಂಕರಿನ ಲೆಕ್ಕ ಗೊತ್ತಿದ್ದ ಯುವಕರು ಕೂಡಲೇ ತಮ್ಮ ಹೊಲಕ್ಕೆ ಎಷ್ಟು ಟ್ಯಾಂಕರ್ ಬಿತ್ತೆಂದು ಎಣಿಸತೊಡಗಿದರು.

ಮಾಪಕ ಇಡುವ ಜಾಗದ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಸಾರ್ವಜನಿಕ ಸ್ಥಳ, ಬಯಲು, ಬೇಲಿ, ಓದಬಲ್ಲ ಮಕ್ಕಳು ಇವೆಲ್ಲ ಸಿಗುತ್ತವೆಂದು ಮೊದಲ ಮಾಪಕಗಳನ್ನು ಶಾಲೆಗಳಲ್ಲಿಯೇ ಇಟ್ಟೆವು. ಆರು ತಿಂಗಳ ನಂತರ ವಿದ್ಯಾರ್ಥಿನಿಯೊಬ್ಬಳು ಅಂಕಿಗಳನ್ನು ವಾರದ ದಿನಗಳ ಪ್ರಕಾರ ಸುಮ್ಮನೆ ಕೂಡಿಸಿ ನೋಡಿ, ಈ ಭಾಗದಲ್ಲಿ ಸೋಮವಾರ ಅತಿ ಹೆಚ್ಚು ಮಳೆಯಾಗುತ್ತದೆ, ಭಾನುವಾರ ಆಗುವುದೇ ಇಲ್ಲ ಎಂದು ನಗುತ್ತ ಬಂದು ಹೇಳಿದಳು. ಭಾನುವಾರ ಶಾಲೆ ಮುಚ್ಚಿರುತ್ತದೆ, ಎರಡು ದಿನದ ನೀರನ್ನು ಸೋಮವಾರ ಅಳೆದು ಸೋಮವಾರದ ಮುಂದೆ ಬರೆದಿದ್ದರು. ದಸರೆಯ ರಜೆಯಲ್ಲಿ ಹಸ್ತಾ ಮಳೆಯ ದಾಖಲೆಯೇ ಇರಲಿಲ್ಲ. ಹಿಂಗಾರಿಯ ಬಿಳಿಜೋಳ, ಕಡಲೆಗಳ ಬಿತ್ತನೆ ನಿಂತಿರುವುದು ಉತ್ತರಿ, ಹಸ್ತಾ, ಚಿತ್ತಿ ಮಳೆಗಳ ಹದದ ಮೇಲೆ. ಅದನ್ನೇ ಬಿಟ್ಟು ಮಳೆ ಅಳೆದಂತಾಗಿತ್ತು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಮಳೆಯಾಗದ ದಿನವೂ ಅಳೆಯದ ದಿನವೂ ಪುಸ್ತಕದಲ್ಲಿ ಒಂದೇ ರೀತಿ ಖಾಲಿ ಉಳಿದಿದ್ದವು. ಖಾಲಿ ಬಿಟ್ಟ ಜಾಗವನ್ನು ಸೊನ್ನೆ ಎಂದು ಓದಿದರೆ ಇಲ್ಲದ ಬರಗಾಲ ಹುಟ್ಟುತ್ತದೆ, ಕೈಬಿಟ್ಟರೆ ನಿಜವಾದ ಬರ ಮಾಯವಾಗುತ್ತದೆ. ಆದ್ದರಿಂದ ಎರಡನೆಯ ವರ್ಷದ ಪುಸ್ತಕದ ಮೊದಲ ಪುಟದಲ್ಲಿ ಒಂದೇ ನಿಯಮವನ್ನು ದಪ್ಪ ಅಕ್ಷರಗಳಲ್ಲಿ ಬರೆದೆವು: ನೋಡಿ ನೀರಿರದಿದ್ದರೆ ಸೊನ್ನೆ, ನೋಡಿರದಿದ್ದರೆ ಗೆರೆ. ಗೆರೆ ಎಳೆದವರಿಗೆ ಯಾರೂ ಬೈಯುವುದಿಲ್ಲ, ಊಹಿಸಿ ಬರೆದರೆ ಮಾತ್ರ ಎಲ್ಲರ ಶ್ರಮ ಹಾಳಾಗುತ್ತದೆ ಎಂದು ಊರೂರಿಗೆ ಹೋಗಿ ಹೇಳಿದೆವು. ನನ್ನ ಇಷ್ಟು ವರ್ಷಗಳ ಪಾಠಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದನ್ನು ಹೇಳಿಕೊಟ್ಟಿದ್ದೇನೆಂದು ನನಗೆ ಅನ್ನಿಸುವುದಿಲ್ಲ.

ಶಾಲೆಯಿಂದ ಮನೆಯಂಗಳಕ್ಕೆ ಮಾಪಕಗಳು ಹೋದದ್ದು ನಮ್ಮ ಜಾಣ್ಮೆಯಿಂದಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು, ಶಾಲೆಗಳಿಗೆ ಬೀಗ ಬಿತ್ತು, ವಿದ್ಯಾರ್ಥಿಗಳು ಹಾವೇರಿ, ಗದಗ ಜಿಲ್ಲೆಗಳ ತಮ್ಮ ತಮ್ಮ ಊರು ಸೇರಿದರು. ಮುಂಗಾರಿನ ಹೊತ್ತಿಗೆ ಫೋನ್ ಮಾಡಿ ವಿಚಾರಿಸಿದಾಗ, ನಾಲ್ಕು ಊರುಗಳಲ್ಲಿ ಹೆಣ್ಣುಮಕ್ಕಳು ಶಾಲೆಯ ಬೇಲಿ ದಾಟಿ ಪೈಪನ್ನು ಕಿತ್ತು ತಂದು ತಮ್ಮ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದರು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಥಳಿ ಹೊಡೆದು, ರಂಗೋಲಿ ಹಾಕುವವರಿಗೆ ಅದರ ಜೊತೆಗೆ ಅಳತೆಪಟ್ಟಿ ಅದ್ದಿ ನೋಡುವುದು ಹೆಚ್ಚಿನ ಕೆಲಸವಾಗಿರಲಿಲ್ಲ. ಒಂದು ಮನೆಯಲ್ಲಿ ಅದು ತುಳಸಿಕಟ್ಟೆಗೆ ತಾಗಿ ನಿಂತಿತ್ತು. ದಿನಾ ಕಟ್ಟೆಗೆ ಹಾಕುವ ನೀರು ಸಿಡಿದು ಬೇಸಿಗೆಯಲ್ಲಿಯೂ ಒಂದೊಂದು ಮಿಲಿಮೀಟರ್ ಮಳೆ ತೋರಿಸುತ್ತಿತ್ತು. ಇನ್ನೊಂದು ಮನೆಯಲ್ಲಿ ಮಾಳಿಗೆಯ ನೀರು ಸುರಿಯುವ ಬಾಯಿಯ ಹತ್ತಿರವೇ ಇತ್ತು. ಗೋಡೆಯ ಎತ್ತರದ ಎರಡು ಪಟ್ಟು ದೂರಕ್ಕೆ ಸರಿಸಿ, ಕತ್ತೆಯೋ ಕರುವೋ ಕೆಡವದಂತೆ ಮೂರು ಕಲ್ಲು ಇಡಲು ವಿಡಿಯೊ ಕರೆಯಲ್ಲಿಯೇ ಹೇಳಿಕೊಟ್ಟೆವು. ಆ ಮಳೆಗಾಲದ ಪುಸ್ತಕಗಳಲ್ಲಿ ಭಾನುವಾರವೂ ಮಳೆ ಬಂದಿದೆ.

ಬೆಳಿಗ್ಗೆ 8.30ಕ್ಕೆ ಅಳೆದು ಅಂದಿನ ತಾರೀಖಿಗೆ ಬರೆಯುವುದು ಹವಾಮಾನ ಇಲಾಖೆಯ ಪದ್ಧತಿ. ನಿನ್ನೆ ಸಂಜೆ ಸುರಿದ ಮಳೆಯನ್ನು ಇವತ್ತಿನದೆಂದು ಬರೆಯಲು ಯಾರ ಮನಸ್ಸೂ ಒಪ್ಪುತ್ತಿರಲಿಲ್ಲ. ನಕ್ಷತ್ರ ಬದಲಾಗುವ ದಿನಗಳಲ್ಲಿ ಇದರಿಂದ ವಾದವೇ ಆಗುತ್ತಿತ್ತು: ಹಿಂದಿನ ರಾತ್ರಿಯ ಮಳೆ ನಮ್ಮ ಪದ್ಧತಿಯಲ್ಲಿ ಮಘೆಗೆ ಸೇರಿದರೆ ಅವರ ಪ್ರಕಾರ ಅದು ಆಶ್ಲೇಷೆಯದು. ಕೊನೆಗೆ ತಾರೀಖನ್ನು ಇಲಾಖೆಯ ಪದ್ಧತಿಯಂತೆ ಇಟ್ಟುಕೊಂಡು, ಪಕ್ಕದಲ್ಲಿ ‘ನಿನ್ನೆ ಹಗಲು’, ‘ರಾತ್ರಿ’ ಎಂಬ ಎರಡು ಚಿಕ್ಕ ಕಾಲಂ ಸೇರಿಸಿದೆವು. ಮತ್ತೊಂದು ಕಾಲಂ ಅವರೇ ಕೇಳಿ ಹಾಕಿಸಿಕೊಂಡದ್ದು, ‘ಹಸಿ’. ಮಳೆಯಾದ ಮರುದಿನ ಹೊಲದಲ್ಲಿ ಸಲಿಕೆಯಿಂದ ಅಗೆದು ಹಸಿ ಎಷ್ಟು ಆಳಕ್ಕೆ ಇಳಿದಿದೆ ನೋಡಿ ನಾಲ್ಕು ಬೆರಳು, ಗೇಣು, ಮೊಳ ಎಂದು ಬರೆಯುವುದು. ಮಿಲಿಮೀಟರ್ ಮತ್ತು ಗೇಣು ಅಕ್ಕಪಕ್ಕ ನಿಂತ ಮೇಲೆಯೇ ಯಜಮಾನರ ಸೆಪ್ಟೆಂಬರಿನ ಮಾತು ನಮ್ಮ ಹಾಳೆಯ ಮೇಲೆ ಕಾಣಿಸಿತು: ಒಂದೇ ಅಳತೆಯ ಮಳೆ ನಿಧಾನವಾಗಿ ಎರಡು ದಿನ ಹಿಡಿದು ಬಂದರೆ ಗೇಣು ಹಸಿ, ಅರ್ಧ ಗಂಟೆಯಲ್ಲಿ ಹೊಡೆದು ಹೋದರೆ ನಾಲ್ಕು ಬೆರಳು, ಉಳಿದದ್ದು ಒಡ್ಡು ಒಡೆದು ಹಳ್ಳಕ್ಕೆ.

ಅಂಕಿಗಳನ್ನು ಜೂನ್, ಜುಲೈ ಎಂದು ತಿಂಗಳುವಾರು ಜೋಡಿಸುವುದನ್ನು ಬಿಟ್ಟು ನಕ್ಷತ್ರವಾರು ಜೋಡಿಸಿದ್ದರಿಂದ ನಮಗೂ ಲಾಭವಾಯಿತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು ಹದಿಮೂರೋ ಹದಿನಾಲ್ಕೋ ದಿನ. ಬೇಸಾಯದ ನಿರ್ಧಾರಗಳೂ ಹೆಚ್ಚುಕಡಿಮೆ ಅಷ್ಟೇ ಅವಧಿಯಲ್ಲಿ ಆಗುತ್ತವೆ, ತಿಂಗಳ ಲೆಕ್ಕ ಅದಕ್ಕೆ ಬಹಳ ಒರಟು. 2009ರ ದೊಡ್ಡ ನೆರೆ ಹಸ್ತಾದಲ್ಲಿ ಬಂತು, 2019ರದು ಆಶ್ಲೇಷಾದಲ್ಲಿ ಎಂದು ಹೇಳಿದರೆ ಯಾವ ಊರಿನಲ್ಲಿಯೂ ಮುಂದೆ ವಿವರಿಸುವ ಅಗತ್ಯ ಬೀಳುತ್ತಿರಲಿಲ್ಲ, ಹೊಲದಲ್ಲಿ ಆಗ ಏನಿತ್ತು, ಏನು ಹೋಯಿತು ಎಂಬುದು ಆ ಹೆಸರಿನಲ್ಲಿಯೇ ಅಡಗಿರುತ್ತದೆ. ನಿವೃತ್ತ ಶಾಲಾ ಮಾಸ್ತರರೊಬ್ಬರು, ನಕ್ಷತ್ರಗಳೇ ಋತುವಿಗೆ ಹೋಲಿಸಿದರೆ ನಿಧಾನವಾಗಿ ಹಿಂದೆ ಬೀಳುತ್ತಿಲ್ಲವೇ ಎಂದು ಕೇಳಿ ನನ್ನನ್ನು ಪರೀಕ್ಷಿಸಿದರು. ಅವರ ಮಾತು ಸರಿ. ಭೂಮಿಯ ಅಕ್ಷದ ಓಲಾಟದಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರದ ದಿನಗಳು ಋತುವಿನಿಂದ ಸರಿಯುತ್ತವೆ. ಸಾವಿರ ವರ್ಷಕ್ಕೆ ಒಂದು ಪೂರ್ತಿ ನಕ್ಷತ್ರದಷ್ಟು ವ್ಯತ್ಯಾಸ. ಆದರೆ ಅಜ್ಜನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಇರುವ ಅಂತರವನ್ನು ಅದರಿಂದ ವಿವರಿಸಲಾಗದು.

ಗಾದೆಗಳು ಸುಳ್ಳಾದವು ಎಂದು ಹಲವರು ಹೇಳುತ್ತಿದ್ದರು. ಮಳೆ ಬದಲಾದದ್ದರಿಂದ ಮಾತ್ರ ಗಾದೆ ಸುಳ್ಳಾಗುತ್ತದೆಂದು ನಾನೂ ಭಾವಿಸಿದ್ದೆ. ‘ಮಘಾ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬ ಮಾತನ್ನು ಒಂದು ಸಭೆಯಲ್ಲಿ ನೆನಪಿಸಿದಾಗ, ಹೆಸರುಕಾಳು ಬೆಳೆಯುವ ಹೆಣ್ಣುಮಗಳೊಬ್ಬಳು, ‘ಮಘಾ ಬಂದರ ನಮ್ಮ ಹೆಸರು ಗಿಡದಾಗs ಮೊಳಕಿ ಒಡೀತೈತ್ರೀ, ಯಾ ಮಗನಿಗೆ ಉಣಿಸೂದು?’ ಎಂದಳು. ಮೃಗಶಿರಾದಲ್ಲಿ ಬಿತ್ತಿದ ಹೆಸರು ಎರಡು ತಿಂಗಳು ಚಿಲ್ಲರೆ ದಿನಗಳಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಆ ತಿಂಗಳ ಕೊನೆಯೊಳಗೆ, ಮಘೆಯಲ್ಲಿಯೇ ಕೊಯ್ಲಿಗೆ ಬರುತ್ತದೆ. ಮುಂಗಾರಿಯಲ್ಲಿ ಹೊಲವನ್ನು ಹರಗಿ ಖಾಲಿ ಇಟ್ಟು ಹಿಂಗಾರಿಗೆ ಹಸಿ ಕೂಡಿಡುತ್ತಿದ್ದ ಬೇಸಾಯಕ್ಕೆ ಮಘೆಯ ಮಳೆ ಬಂಗಾರವಾಗಿತ್ತು. ಅದೇ ಹೊಲದಲ್ಲಿ ಹೆಸರು ನಿಂತಿರುವಾಗ ಅದೇ ಮಳೆ ಕೇಡು. ಇಲ್ಲಿ ಬದಲಾದದ್ದು ಬೆಳೆಯ ಕ್ರಮ. ಪರಿಸರ ಬದಲಾವಣೆಯ ಬಗ್ಗೆ ಮಾತನಾಡಲು ಹೋದ ಸಂಶೋಧಕರು ಎಲ್ಲ ನಷ್ಟವನ್ನೂ ಆಕಾಶದ ಮೇಲೆ ಹೊರಿಸುವುದು ಸುಲಭ. ನಾನೂ ಮೊದಲ ವರದಿಯಲ್ಲಿ ಹಾಗೆಯೇ ಬರೆದಿದ್ದೆ, ಆಮೇಲೆ ತಿದ್ದಿದೆ.

ನಮ್ಮ ಅಂಕಿಗಳಿಂದ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ಊರಿನವರ ಮುಂದೆ ಸ್ಪಷ್ಟಪಡಿಸುವುದು ಕಷ್ಟವಾಯಿತು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು, ಆದ್ದರಿಂದ ಬಂದಾಗ ಹೊಡೆತದ ಮಳೆಯಾಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಆದರೆ ಹವಾಗುಣದ ಸರಾಸರಿಗೆ ಮೂವತ್ತು ವರ್ಷಗಳ ದಾಖಲೆ ಬೇಕು. ಮೂರು ನಾಲ್ಕು ವರ್ಷದ ಪೈಪಿನ ಅಳತೆಯಿಂದ ಬೆಣ್ಣಿಹಳ್ಳದ ಹವಾಗುಣ ಹೀಗೆ ಬದಲಾಯಿತು ಎಂದು ಹೇಳಿದರೆ ಅದು ಸುಳ್ಳು. ‘ಹಂಗಾರ ಮೂವತ್ತು ವರ್ಷ ಬರೀಬೇಕೇನ್ರಿ?’ ಎಂದು ಒಬ್ಬರು ಕೇಳಿದಾಗ ಹೌದು ಎನ್ನುವುದನ್ನು ಬಿಟ್ಟು ನನ್ನ ಬಳಿ ಉತ್ತರವಿರಲಿಲ್ಲ. ಬೆಳೆ ವಿಮೆಯ ವಿಷಯದಲ್ಲಂತೂ ಬಹಳ ಜನ ನಿರಾಶರಾದರು. ಈ ಪುಸ್ತಕ ತೋರಿಸಿದರೆ ಪರಿಹಾರ ಸಿಗುತ್ತದೆಯೇ ಎಂಬ ಪ್ರಶ್ನೆಗೆ, ಇದು ಅಧಿಕೃತ ದಾಖಲೆಯಲ್ಲ, ಸಿಗುವುದಿಲ್ಲ ಎಂದು ಮೊದಲ ದಿನವೇ ಹೇಳಬೇಕಿತ್ತು. ನಾನು ಎರಡನೆಯ ವರ್ಷ ಹೇಳಿದೆ, ಅಷ್ಟರಲ್ಲಿ ಇಬ್ಬರು ಅಳೆಯುವುದನ್ನೇ ಬಿಟ್ಟರು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಹೊಲಕ್ಕೆ ನೀರು ನಿಂತಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ; ದಿನಾಂಕ ಮತ್ತು ಹೊತ್ತನ್ನು ತಪ್ಪಿಲ್ಲದೆ ಹೇಳಲು ಪುಸ್ತಕ ನೆರವಾಗುತ್ತದೆ, ಅಷ್ಟೇ.

ಸಂಸ್ಥೆಯ ಕಡೆಯಿಂದ ಬಂದ ಕಿರಿಕಿರಿಯನ್ನು ಹೆಚ್ಚು ಬೆಳೆಸುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಆಗ ಸಂಶೋಧನೆಯ ಜೊತೆಗೆ ವಿಸ್ತರಣೆಯೂ, ಅಂದರೆ ಜನರ ನಡುವಿನ ಕೆಲಸವೂ, ಒಂದೇ ಮಾನದಂಡದೊಳಗೆ ಇತ್ತು, ಅದು ಒಳ್ಳೆಯದೇ. ಆದರೆ ಕಚೇರಿಗೆ ಬೇಕಾದದ್ದು ಬ್ಯಾನರ್ ಹಿಡಿದ ಫೋಟೊ, ಹಾಜರಿ ಸಹಿ ಮತ್ತು ಒಂದು ದಿನದ ಕಾರ್ಯಕ್ರಮದ ವರದಿ. ಬೆಳಿಗ್ಗೆ ಎಂಟೂವರೆಗೆ ಒಬ್ಬ ಹೆಣ್ಣುಮಗಳು ಪೈಪಿನಲ್ಲಿ ಪಟ್ಟಿ ಅದ್ದಿ ‘ಸೊನ್ನೆ’ ಎಂದು ಬರೆಯುವುದಕ್ಕೆ ಯಾವ ನಮೂನೆಯಲ್ಲಿಯೂ ಜಾಗವಿರಲಿಲ್ಲ. ಒಂದು ಬ್ಯಾನರ್ ಮಾಡಿಸಿದೆವು. ಅದು ಈಗ ಒಂದು ಮನೆಯ ಹೊಟ್ಟಿನ ಬಣವೆಯ ಮೇಲೆ ಮಳೆ ತಡೆಯುತ್ತಿದೆ.

ಫಲಿತಾಂಶವನ್ನು ಊರಿಗೆ ಮರಳಿಸುವ ದಾರಿ ಸಿಕ್ಕಿದ್ದು ಮೂರನೆಯ ವರ್ಷ. ಅದುವರೆಗೆ ನಾವು ಕರೆದ ಸಭೆಗಳು ಬಿತ್ತಿಗೆಗೋ ಸುಗ್ಗಿಗೋ ಅಡ್ಡ ಬರುತ್ತಿದ್ದವು, ಪ್ರೊಜೆಕ್ಟರಿಗೆ ಕರೆಂಟ್ ಇರುತ್ತಿರಲಿಲ್ಲ, ಬಂದವರು ನಮ್ಮ ಸಮಾಧಾನಕ್ಕೆ ಕುಳಿತು ಎದ್ದುಹೋಗುತ್ತಿದ್ದರು. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದಿ ಬರುವ ವರ್ಷದ ಮಳೆ ಬೆಳೆ ಹೇಳುತ್ತಾರೆ, ಊರೆಲ್ಲ ಕೂಡಿರುತ್ತದೆ. ‘ಬರೂ ವರ್ಷದ್ದು ಐನಾರು ಹೇಳ್ತಾರ, ಹೋದ ವರ್ಷದ್ದು ನೀವು ಹೇಳ್ರಿ’ ಎಂದು ಸೂಚಿಸಿದವರು 2019ರ ಸೆಪ್ಟೆಂಬರಿನಲ್ಲಿ ನನಗೆ ಹದದ ಅರ್ಥ ಹೇಳಿಕೊಟ್ಟ ಯಜಮಾನರೇ. ಪಂಚಾಂಗ ಓದುವವರು ಏನೆನ್ನುವರೋ ಎಂದು ನನಗೆ ಅಳುಕಿತ್ತು. ಅವರು ನಗುತ್ತ, ತಮ್ಮದು ಮುಗಿದ ಮೇಲೆ ಯಾರೂ ಏಳಬಾರದೆಂದು ತಾವೇ ಕೂಗಿ ಹೇಳಿದರು. ನೆಲದ ಮೇಲೆ ರಂಗೋಲಿ ಪುಡಿಯಿಂದ ರೋಹಿಣಿಯಿಂದ ಸ್ವಾತಿಯವರೆಗೆ ಮನೆಗಳನ್ನು ಬರೆದು, ಐದು ಮಿಲಿಮೀಟರಿಗೆ ಒಂದು ಕಡಲೆ ಕಾಳಿನಂತೆ ಮಾಪಕ ನೋಡಿಕೊಂಡವರೇ ಒಂದೊಂದು ಮನೆಯಲ್ಲಿ ಕಾಳು ಹಾಕುತ್ತ ಹೋದರು. ಹದವಾದ ಮಳೆಗಳ ಪಕ್ಕದಲ್ಲಿ ಅರಿಸಿನದ ಚುಕ್ಕೆ ಇಟ್ಟರು. ಕಾಳುಗಳ ದೊಡ್ಡ ರಾಶಿ ಇದ್ದ ಮನೆಯಲ್ಲಿಯೇ ಅರಿಸಿನ ಇಲ್ಲದಿದ್ದುದನ್ನು ಮಕ್ಕಳು ಮೊದಲು ತೋರಿಸಿದರು. ಅದನ್ನು ನಾವು ಯಾರೂ ವಿವರಿಸಲಿಲ್ಲ, ಅಲ್ಲಿದ್ದವರೇ ಒಬ್ಬರಿಗೊಬ್ಬರು ವಿವರಿಸಿಕೊಂಡರು, ಒಡ್ಡು ಯಾರದು ಮೊದಲು ಒಡೆಯಿತು ಎಂಬ ಹಳೆಯ ಜಗಳವೊಂದು ಸ್ವಲ್ಪ ಹೊತ್ತು ಮತ್ತೆ ಎದ್ದು ತಣ್ಣಗಾಯಿತು. ಆ ಬೇಸಿಗೆಯಲ್ಲಿ ಐದಾರು ಮನೆಯವರು ಹೊಲದ ತಗ್ಗಿನ ಕಡೆ ಒಡ್ಡಿಗೆ ಕಲ್ಲು ಕಟ್ಟಿ ಹೆಚ್ಚಿನ ನೀರು ಹೋಗಲು ಬಾಯಿ ಬಿಟ್ಟರು. ಅದು ನಮ್ಮ ಕೆಲಸದ ಫಲವೆಂದು ಹೇಳಲಾರೆ, ಅವರಿಗೆ ಆ ವಿದ್ಯೆ ಮೊದಲೇ ಗೊತ್ತಿತ್ತು.

2023 ಬೇರೆಯೇ ವರ್ಷ. ಆ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶದಲ್ಲಿಯೇ ಅತಿ ಕಡಿಮೆ ಮಳೆಯ ಆಗಸ್ಟ್ ಆಗಿತ್ತು. ಆಶ್ಲೇಷಾ, ಮಘಾ ಎರಡೂ ಒಣಗಿ ಹೋದವು. 2024ರ ಏಪ್ರಿಲ್ 9ರ ಯುಗಾದಿಗೆ ಪುಸ್ತಕಗಳನ್ನು ಕೂಡಿಸಲು ನಾಲ್ಕು ದಿನ ಮುಂಚೆ ಊರಿಗೆ ಹೋದಾಗ, ಮೊದಲ ವರ್ಷ ಪರಾತ ಮತ್ತು ಡಬ್ಬಿ ಇಟ್ಟು ನನಗೆ ಪಾಠ ಕಲಿಸಿದ ಆ ತಾಯಿ ತನ್ನ ಪುಸ್ತಕವನ್ನು ದೇವರ ಜಗುಲಿಯ ಮೇಲಿನಿಂದ ತೆಗೆದುಕೊಟ್ಟಳು. ಆಗಸ್ಟಿನ ಪುಟ ತೆಗೆದರೆ ಮೇಲಿನಿಂದ ಕೆಳಗಿನವರೆಗೆ ದುಂಡಗಿನ ಸೊನ್ನೆಗಳು, ನಡುವೆ ಎಲ್ಲೋ ಒಂದೆರಡು ಅಂಕಿ. ಪ್ರತಿ ಸೊನ್ನೆಯನ್ನೂ ಬೇರೆ ಬೇರೆ ದಿನ ಬರೆದದ್ದು ಪೆನ್ನಿನ ಶಾಯಿಯಿಂದಲೇ ತಿಳಿಯುತ್ತಿತ್ತು. ನಾನು ಪುಟ ತಿರುವುತ್ತಿದ್ದುದನ್ನು ನೋಡುತ್ತ ಆಕೆ ಹೇಳಿದಳು: ‘ಸೊನ್ನಿ ಬರದು ಬರದು ಬ್ಯಾಸರಾತ್ರಿ ಅಕ್ಕಾರ. ಆದ್ರ ಗೆರಿ ಒಂದೂ ಇಲ್ಲ ನೋಡ್ರಿ.’